ಕಿರೀಟದ ಹಲಗೆ

೧೧ ಜನವರಿ

ತಂಗಮ್ಮಾ,

ಪರದೆ ಏಳಲಿ! ದೀಪಗಳು ಉರಿಯಲಿ! ಮುಂದಿನ ಸಾಲಿನವರು ಕೆಮ್ಮುವುದನ್ನು ನಿಲ್ಲಿಸಲಿ! ನಿನ್ನ ಅಣ್ಣ ಕಾಗದ ಬರೆಯಲು ಕೂತಿದ್ದಾನೆ.

ನಗಬೇಡ. ಫೋನಿನಲ್ಲಿ ನಾನು ಎಷ್ಟೇ ಅರಚಿದರೂ ನೀನು "ಆಂ? ಏನಂದೆ?" ಎನ್ನುತ್ತೀಯ. ಮಗ್ಗಗಳ ಗದ್ದಲದಲ್ಲಿ ಅಷ್ಟು ವರ್ಷ ನಿಂತು ಎರಡೂ ಕಿವಿಗಳನ್ನು ಗಿರಣಿಗೆ ದಾನ ಕೊಟ್ಟವಳು ನೀನು. ಈಗ ಬಟ್ಟೆಯ ಬಣ್ಣ ನೋಡುವ ವಿಭಾಗಕ್ಕೆ ಹಾಕಿದ್ದಾರೆಂದು ಬರೆದಿದ್ದೆ. ಒಳ್ಳೆಯದಾಯಿತು. ಕಿವಿ ತೆಗೆದುಕೊಂಡವರು ಕಣ್ಣಿಗಾದರೂ ಮರ್ಯಾದೆ ಕೊಡಲಿ.

ಈಗ ಮುಖ್ಯ ದೃಶ್ಯ. ಓಣಿಯಲ್ಲಿ ಕಳ್ಳತನವಾಗಿದೆ! ನಮ್ಮ ನಿವೃತ್ತ ಪೋಸ್ಟ್‌ಮಾಸ್ಟರ್ ಮನೆಯ ರೇಡಿಯೊ ಮಾಯ. ಊರಿಗೆ ಹೋಗಿದ್ದವರು ವಾಪಸ್ ಬಂದು ನೋಡಿದರೆ ಮೇಜಿನ ಮೇಲೆ ಧೂಳಿನಲ್ಲಿ ರೇಡಿಯೊದ ಚೌಕ ಗುರುತು ಮಾತ್ರ ಉಳಿದಿದೆ. ಬೀಗ ಮುರಿದಿಲ್ಲ. ಕಿಟಕಿಯ ಸರಳು ಬಗ್ಗಿಲ್ಲ. ಪೋಸ್ಟ್‌ಮಾಸ್ಟರ್ ಬೀದಿಯಲ್ಲಿ ನಿಂತು ಹೇಳಿದರು: "ಒಳಗೆ ಬಂದವನು ಕೀಲಿಯಿಂದ ಬಾಗಿಲು ತೆಗೆದೇ ಬಂದಿದ್ದಾನೆ."

ಕೀಲಿ! ಆ ಮಾತು ಬಿದ್ದದ್ದೇ ತಡ, ಎಲ್ಲರ ಕಣ್ಣೂ ನನ್ನ ಅಂಗಡಿಯ ಗೋಡೆಗೆ ಹೋಯಿತು. ಅಲ್ಲ, ಹೋಗಲಿಲ್ಲ. ಹೋಗದ ಹಾಗೆ ಎಲ್ಲರೂ ಬೇರೆ ಕಡೆ ನೋಡಿದರು. ಅದೇ ನನಗೆ ಚುಚ್ಚಿದ್ದು.

ನಿನಗೆ ಹಲಗೆ ಗೊತ್ತಲ್ಲ, ನಾಟಕ ಕಂಪನಿಯ ಬಟ್ಟೆ ಕೋಣೆಯಲ್ಲಿ ಅಪ್ಪ ಕಿರೀಟಗಳನ್ನು ತೂಗುಹಾಕುತ್ತಿದ್ದದ್ದು? ಅದರ ಮೊಳೆಗಳಲ್ಲಿ ಈಗ ಓಣಿಯ ಮನೆಗಳ ಎರಡನೇ ಕೀಲಿಗಳು ತೂಗುತ್ತವೆ. ಹೊಲಿಗೆಯವನ ಅಂಗಡಿ ಇಡೀ ದಿನ ತೆರೆದಿರುತ್ತದೆ, ಹೊಲಿಗೆಯವನು ಎದ್ದು ಎಲ್ಲಿಗೂ ಹೋಗುವುದಿಲ್ಲ; ಅದಕ್ಕೆ ನಿನ್ನ ಅತ್ತಿಗೆ ಇದ್ದಾಗಲೇ ಒಬ್ಬೊಬ್ಬರಾಗಿ ತಂದುಕೊಟ್ಟರು. ಕೀಲಿಯ ಮೇಲೆ ಹೆಸರು ಬರೆದರೆ ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ ಎಂದು ನಾನು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಟೀಚರಮ್ಮನದು ನೀಲಿ. ಪೋಸ್ಟ್‌ಮಾಸ್ಟರದು ಹಸಿರು. ಬೇಕರಿಯವನದು ಬಿಳಿ. ಬಸ್ ಡ್ರೈವರದು ಹಳದಿ. ಯಾವ ಬಣ್ಣ ಯಾರದು ಎಂಬುದು ನನ್ನ ತಲೆಯಲ್ಲಿ ಮಾತ್ರ.

ಅಂಗಡಿಗೆ ಬಂದವನೇ ಹಲಗೆಯನ್ನು ಕೆಳಗಿಳಿಸಿದೆ. ಎಲ್ಲ ಕೀಲಿ ತೆಗೆದೆ, ಉಜ್ಜಿದೆ, ಹಲಗೆಗೆ ಎಣ್ಣೆ ಒರೆಸಿದೆ, ಮತ್ತೆ ತೂಗುಹಾಕಿದೆ. ಒಂದೂ ಕಡಿಮೆ ಇಲ್ಲ! ಯಾಕೆ ಮಾಡಿದೆ ಎಂದು ಈಗ ಅನಿಸುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಇದರ ಜೊತೆ ಸೊಸೆಗೆ ಹಸಿರು ಫ್ರಾಕ್ ಕಳಿಸಿದ್ದೇನೆ. ಸಂಜೆ ಹೊಲಿದದ್ದು. ಈಚೆಗೆ ಬಲ್ಬಿನ ಕಂಪನಿಯವರು ಬೆಳಕನ್ನು ಕಡಿಮೆ ತುಂಬಿ ಕಳಿಸುತ್ತಾರೆ, ಮೋಸಗಾರರು.

ಇತಿ,
ಈ ಓಣಿಯ ದ್ವಾರಪಾಲಕ, ನಿನ್ನ ಅಣ್ಣ


೨೯ ಜನವರಿ

ಅಣ್ಣಾ,

ಫ್ರಾಕ್ ತಲುಪಿತು. ಅಳತೆ ಸರಿಯಾಗಿದೆ, ಮಗಳು ತೊಟ್ಟುಕೊಂಡು ಮನೆಯೆಲ್ಲ ತಿರುಗಿದಳು. ಆಮೇಲೆ ಅಂಚು ಮಡಚಿ ನೋಡಿ, "ಅಮ್ಮಾ, ಮಾವ ಕಣ್ಮುಚ್ಚಿ ಹೊಲಿದ್ರಾ?" ಅಂದಳು. ಹಸಿರು ಬಟ್ಟೆ, ಅಂಚಿಗೆ ನೀಲಿ ದಾರ. ತೋಳಿಗೂ ನೀಲಿಯೇ. ಬೇಕೆಂದೇ ಹಾಕಿದೆಯಾ?

ನಿನ್ನ ಮೊಳೆಯಲ್ಲಿ ಊರಿನವರ ಕೀಲಿಗಳೆಲ್ಲ ಇವೆ. ನಿನ್ನ ಕೀಲಿ ಯಾರ ಹತ್ತಿರ ಇದೆ? ನೀನು ಒಬ್ಬನೇ ಇರುವವನು. ಒಳಗೆ ಬಿದ್ದರೆ ಬಾಗಿಲು ತೆಗೆಯುವವರು ಯಾರು? ಇದನ್ನು ಹಿಂದೆಯೂ ಕೇಳಿದ್ದೆ, ನೀನು ಒಂದು ಪುಟ ಬೇರೆ ಸುದ್ದಿ ಬರೆದು ಕಳಿಸಿದೆ.

ಇನ್ನೊಂದು. ನಾನು ಕೊಟ್ಟ ನಮ್ಮ ಮನೆ ಕೀಲಿ ಇದೆಯೋ, ಕಳೆದೆಯೋ? ಅತ್ತಿಗೆ ತೀರಿಕೊಂಡ ವರ್ಷ ನೀನು ಹೇಳದೆ ಕೇಳದೆ ಬಂದೆ. ನಾನು ಒಳಗೇ ಇದ್ದೆ. ನೀನು ಬಾಗಿಲು ಬಡಿದದ್ದು ನನಗೆ ಕೇಳಿಸಲಿಲ್ಲ. ಪಕ್ಕದ ಮನೆಯವರು ಹೇಳುವ ಹೊತ್ತಿಗೆ ನೀನು ಬಸ್ ಹತ್ತಿಯಾಗಿತ್ತು. ಅದಾದಮೇಲೆ ಆ ಕೀಲಿ ಕಳಿಸಿದೆ, ಬಡಿಯುವ ಕೆಲಸವೇ ಬೇಡ, ತೆಗೆದುಕೊಂಡು ಬಾ ಅಂತ. ನೀನು ಬರಲೇ ಇಲ್ಲ.

ಅವರು ನಿನ್ನ ಮೇಲೆ ಅನುಮಾನ ಪಡುತ್ತಿದ್ದಾರಾ? ನೇರವಾಗಿ ಬರೆ. ಪರದೆ, ದೀಪ ಬೇಡ.

ನಿನ್ನ ತಂಗಿ


೧೬ ಫೆಬ್ರವರಿ

ಹೇ ಕಠೋರ ಭಗಿನಿ!

ನೀಲಿ ದಾರವೇ? ಅದು ಹೊಸ ಫ್ಯಾಷನ್. ಪಟ್ಟಣದಲ್ಲಿ ಎಲ್ಲರೂ ಈಗ ಅಂಚಿಗೆ ಬೇರೆ ಬಣ್ಣವನ್ನೇ ಕೇಳುತ್ತಾರೆ. ಗಿರಣಿಯವರಿಗೆ ಈ ಸೂಕ್ಷ್ಮ ಎಲ್ಲಿ ತಿಳಿಯಬೇಕು!

ನಿನ್ನ ಕೀಲಿ ಭದ್ರವಾಗಿದೆ. ಕೆಂಪು ದಾರ ಕಟ್ಟಿ ಹಲಗೆಯಲ್ಲಿ ಅಲ್ಲ, ಅಂಗಡಿಯ ಹಿಂದೆ ನಾನು ಮಲಗುವ ಕೋಣೆಯಲ್ಲಿ, ಹಾಸಿಗೆಯ ತಲೆದೆಸೆಗೆ ಬೇರೆ ಮೊಳೆ ಹೊಡೆದು ಹಾಕಿದ್ದೇನೆ. ಬರುವುದು ಬಿಡುವುದು ಬಿಡುವಿನ ಪ್ರಶ್ನೆ. ನನ್ನ ಕೀಲಿ ಯಾರ ಹತ್ತಿರ ಎನ್ನುತ್ತೀಯ. ದ್ವಾರಪಾಲಕನಿಗೆ ದ್ವಾರವೆಲ್ಲಿ ತಂಗೀ?

ಅನುಮಾನದ ಮಾತು ಕೇಳಿದೆಯಲ್ಲ, ಕೇಳು. ಮೊದಲು ಬಂದವರು ಟೀಚರಮ್ಮ. ನಿನಗೆ ಗೊತ್ತು, ಬೇಕರಿಯವನ ಮನೆಯ ಮೇಲಿನ ಮಹಡಿ, ಓಣಿ ಸಂಘದ ಅಧ್ಯಕ್ಷೆ, ಮಕ್ಕಳಿಗೆ ಪಾಠ ಹೇಳಿ ಹೇಳಿ ಮನುಷ್ಯರನ್ನೆಲ್ಲ ತಪ್ಪು ತಿದ್ದುವ ದೃಷ್ಟಿಯಲ್ಲೇ ನೋಡುವವರು. ಅಂಗಡಿ ಮೆಟ್ಟಿಲ ಮೇಲೆ ನಿಂತು, ಒಳಗೆ ಬರದೆ, ಓಣಿ ನನ್ನ ದೊಡ್ಡ ದನಿಗೆ ಇಟ್ಟ ಹೆಸರಿನಿಂದಲೇ ಕರೆದು ಹೇಳಿದರು:

"ಗಂಟಲಣ್ಣ, ನಮ್ಮ ಕೀಲಿ ಸ್ವಲ್ಪ ಕೊಡ್ತೀರಾ? ತಪ್ಪು ತಿಳ್ಕೋಬೇಡಿ. ಅನುಮಾನ ಅಲ್ಲ, ಮುಂಜಾಗ್ರತೆ ಅಷ್ಟೆ."

ಅಳಿಯ ಅಲ್ಲ, ಮಗಳ ಗಂಡ! ನಾನು ಎದ್ದೆ, ಎದೆ ಉಬ್ಬಿಸಿದೆ. "ತೆಗೆದುಕೊಳ್ಳಿ ಟೀಚರಮ್ಮ! ಇದು ನಿಮ್ಮ ಸೊತ್ತು. ನಾನು ಕಾವಲುಗಾರ ಮಾತ್ರ!" ಎಂದು ನೀಲಿ ದಾರದ್ದನ್ನು ಮೊಳೆಯಿಂದ ಎತ್ತಿ ಎರಡೂ ಕೈಗಳಲ್ಲಿ ಕೊಟ್ಟೆ. ಕಂಪನಿಯಲ್ಲಿ ಸೋತ ರಾಜ ಖಡ್ಗ ಒಪ್ಪಿಸುತ್ತಿದ್ದನಲ್ಲ, ಹಾಗೆ. ಅವರು ಕೀಲಿಯ ಕಡೆ ನೋಡದೆ ಚೀಲಕ್ಕೆ ಹಾಕಿಕೊಂಡು, "ಇಷ್ಟು ಜೋರಾಗಿ ಹೇಳೋ ಅಗತ್ಯ ಇರ್ಲಿಲ್ಲ" ಎಂದು ಹೊರಟುಹೋದರು.

ಒಂದು ಕುರಿ ಹಾರಿದರೆ ಸಾಕು, ಉಳಿದದ್ದು ತಾನಾಗಿ. ಬೇಕರಿಯವನು ಬಂದ. "ಅಣ್ಣಾ, ನನ್ನ ಹೆಂಡ್ತಿ ತಮ್ಮ ಬರ್ತಾನಂತೆ, ಅವನಿಗೊಂದು ಕೀಲಿ ಬೇಕಿತ್ತು" ಎಂದ. ಆ ತಮ್ಮ ಇಲ್ಲಿಯವರೆಗೆ ಬಂದಿಲ್ಲ, ಬರುವುದೂ ಇಲ್ಲ. ಬೇಕರಿಯವನ ಹೆಂಡತಿಗೆ ತಮ್ಮನೇ ಇಲ್ಲ ಎಂದು ಡ್ರೈವರ್ ಹೇಳಿದ. ಹೇಳಿದ ಡ್ರೈವರೂ ಮರುದಿನ ಬಂದು, ತಲೆ ಕೆರೆದುಕೊಂಡು, "ನಂದೂ ಇರ್ಲಿ ಬಿಡಿ, ಯಾಕೆ ನಿಮಗೆ ಜವಾಬ್ದಾರಿ" ಎಂದ. ಬಿಳಿ ಕೊಟ್ಟೆ, ಹಳದಿ ಕೊಟ್ಟೆ. ಕೊನೆಗೆ ಪೋಸ್ಟ್‌ಮಾಸ್ಟರ್. ಅವರು ಏನೂ ನೆಪ ಹೇಳಲಿಲ್ಲ. ಕೈ ಚಾಚಿದರು, ಹಸಿರು ಕೊಟ್ಟೆ. ಹೋಗುವಾಗ, "ಬೆಳಿಗ್ಗೆ ವಾರ್ತೆ ಕೇಳದೆ ಕೈಕಾಲೇ ಆಡಲ್ಲ ನನಗೆ" ಎಂದರು. ಬೈದಿದ್ದರೆ ವಾಸಿಯಿತ್ತು.

ಈಗ ಹಲಗೆ ಖಾಲಿ. ಬಟ್ಟೆ ತರುವವರು ತರುತ್ತಾರೆ. ಆದರೆ ಮೊದಲು ಬೆಳಿಗ್ಗೆ ಹೋಗುವಾಗ ಒಂದು ಮಾತು, ಸಂಜೆ ಬರುವಾಗ ಒಂದು ಮಾತು ಎಂದು ಅಂಗಡಿಯೊಳಗೆ ತಲೆ ಹಾಕುತ್ತಿದ್ದವರು ಈಗ ಎದುರು ಬದಿಯಿಂದ ನಡೆಯುತ್ತಾರೆ. ಓಣಿ ಅಗಲವಾಗಿದೆ ತಂಗಮ್ಮಾ.

ಇತಿ,
ರಾಜ್ಯ ಕಳೆದುಕೊಂಡ ನಿನ್ನ ಅಣ್ಣ


೫ ಮಾರ್ಚ್

ಅಣ್ಣಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಮ್ಮೆ ಸುದ್ದಿಗೆ, ಇನ್ನೊಮ್ಮೆ ಅಕ್ಷರಕ್ಕೆ. ಮೊದಲು ನಿನ್ನ ಸಾಲುಗಳು ಹೊಲಿಗೆಯ ಹಾಗೆ ನೇರವಾಗಿ ಇರುತ್ತಿದ್ದವು. ಈಗ ಬಲಗಡೆಗೆ ಹೋಗುತ್ತ ಹೋಗುತ್ತ ಕೆಳಗಿನ ಸಾಲಿನ ಮೇಲೆ ಕುಸಿಯುತ್ತಿವೆ. ಅಕ್ಷರಗಳು ದಪ್ಪವಾಗಿವೆ. ಎರಡು ಕಡೆ ಒಂದರ ಮೇಲೊಂದು ಬರೆದಿದ್ದೀಯ.

ಫ್ರಾಕನ್ನು ಕೆಲಸಕ್ಕೆ ತೆಗೆದುಕೊಂಡು ಹೋಗಿ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಅದು ಫ್ಯಾಷನ್ ಅಲ್ಲ. ಫ್ಯಾಷನ್ ಆಗಿದ್ದರೆ ಕತ್ತಿನ ಹತ್ತಿರವೂ ನೀಲಿ ಇರುತ್ತಿತ್ತು. ಕತ್ತಿಗೆ ಹಸಿರನ್ನೇ ಹಾಕಿದ್ದೀಯ. ಎರಡು ಉಂಡೆಗಳಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದೀಯ.

ನಿನಗೆ ಕಣ್ಣು ಕಾಣುತ್ತಿಲ್ಲ ಅಲ್ಲವಾ?

ನೀನು ಯಾಕೆ ಹೇಳುತ್ತಿಲ್ಲ ಎಂದೂ ಗೊತ್ತು. ಅಪ್ಪನ ವಿಷಯ. ನಾನು ಚಿಕ್ಕವಳಿದ್ದೆ, ಆದರೆ ಪಕ್ಕದ ಪರದೆ ಹಿಡಿದುಕೊಂಡು ನಿಂತಿದ್ದೆ. ಅಪ್ಪ ರಾಜನಿಗೆ ಸೇವಕನ ಅಂಗಿ ತೊಡಿಸಿ, ಸೇವಕನಿಗೆ ರಾಜನ ಅಂಗಿ ತೊಡಿಸಿ ರಂಗದ ಮೇಲೆ ಕಳಿಸಿದ. ಜನ ಬಿದ್ದು ಬಿದ್ದು ನಕ್ಕರು. ಮರುದಿನ ಕಂಪನಿ ಅಪ್ಪನನ್ನು ಬಿಟ್ಟು ಮುಂದಿನ ಊರಿಗೆ ಹೋಯಿತು. ನಮಗೆ ಉಳಿದದ್ದು ಆ ಹಲಗೆ ಮಾತ್ರ.

ಆಗ ಅಪ್ಪನ ಕಣ್ಣಿಗೆ ಮಾಡಿಸಲು ಏನೂ ಇರಲಿಲ್ಲ. ಈಗ ಇದೆ. ಡಾಕ್ಟರ ಹತ್ತಿರ ಹೋಗು. ಇಲ್ಲದಿದ್ದರೆ ಇಲ್ಲಿಗೆ ಬಾ, ನಾನು ಕರೆದುಕೊಂಡು ಹೋಗುತ್ತೇನೆ.

ನಿನ್ನ ತಂಗಿ


೧೪ ಮಾರ್ಚ್

ತಂಗೀ,

ನನ್ನ ಕಣ್ಣು ನನ್ನ ಮುಖದಲ್ಲಿದೆ, ಅದರ ಉಸಾಬರಿ ನನಗಿರಲಿ. ಅಪ್ಪನ ಮಾತು ಇಲ್ಲಿ ಯಾಕೆ ಬಂತು? ಕಣ್ಣು ಕಾಣದ ಟೈಲರ್ ಎಂದು ಒಂದು ಬಾಯಿಂದ ಹೊರಬಿದ್ದರೆ ಸಾಕು, ಒಂದು ಗುಂಡಿ ಹೊಲಿಸಲೂ ಯಾರೂ ಬರುವುದಿಲ್ಲ. ಕಳ್ಳ ಎಂದಾದರೂ ಅಂದುಕೊಳ್ಳಲಿ. ಕಳ್ಳನಾದರೆ ಕೈ ಚುರುಕು ಎಂದಾದರೂ ಅರ್ಥ.

ಇನ್ನು ಈ ವಿಷಯ ಬರೆಯಬೇಡ.

ಅಣ್ಣ


೨೦ ಏಪ್ರಿಲ್

ಅಣ್ಣಾ,

ಬರೆಯಬೇಡ ಅಂದೆ, ಬರೆಯುತ್ತಿಲ್ಲ. ಆದರೆ ನೀನೂ ಏನೂ ಬರೆಯದೆ ತಿಂಗಳಾಯಿತು. ಇದರೊಳಗೆ ಖಾಲಿ ಲಕೋಟೆ ಇಟ್ಟಿದ್ದೇನೆ, ವಿಳಾಸ ನಾನೇ ಬರೆದಿದ್ದೇನೆ. ಬರೀ ಕಾಗದ ಮಡಚಿ ಹಾಕಿದರೂ ಸಾಕು, ಇದ್ದೀಯ ಎಂದು ತಿಳಿಯುತ್ತದೆ.

ತಂಗಿ


೯ ಮೇ

ತಂಗಮ್ಮಾ,

ಲಕೋಟೆಯಲ್ಲಿ ಬರೀ ಕಾಗದ ಹಾಕುವವನೇ ನಾನು? ತುಂಬಿಸಿ ಕಳಿಸುತ್ತಿದ್ದೇನೆ. ಕುಳಿತುಕೋ. ಇದು ನಾನು ಆಡಿದ ನಾಟಕವಲ್ಲ, ನನ್ನ ಮೇಲೆ ಬಿದ್ದ ನಾಟಕ.

ಕಳೆದ ಭಾನುವಾರ ಬೆಳಿಗ್ಗೆ. ನಲ್ಲಿಯಲ್ಲಿ ನೀರಿಲ್ಲ. ನಮ್ಮ ಓಣಿಯಲ್ಲಿ ನೀರು ಅಳಿಯನ ಹಾಗೆ, ಬಂದಾಗ ಬಂತು. ಟೀಚರಮ್ಮ ನಲ್ಲಿ ತಿರುಗಿಸಿ, ಬರಲಿಲ್ಲ ಎಂದು ಹಾಗೇ ಬಿಟ್ಟು, ಬಾಗಿಲು ಎಳೆದುಕೊಂಡು ತರಕಾರಿಗೆ ಹೋದರು. ಅವರದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಕೀಲಿ ಒಳಗೆ ಮೇಜಿನ ಮೇಲೆಯೇ ಉಳಿಯಿತು. ಇತ್ತ ನೀರು ಬಂತು! ಬಂದದ್ದೆಂದರೆ ಹಾಗೆ ಹೀಗಲ್ಲ, ವರ್ಷದ ಕೋಪವೆಲ್ಲ ಸೇರಿಸಿಕೊಂಡು ಬಂತು! ಬಾಗಿಲ ಕೆಳಗಿಂದ ಹೊರಟು ಮೆಟ್ಟಿಲಿಳಿದು ಬೇಕರಿಯವನ ಹಿಟ್ಟಿನ ಮೂಟೆಗಳ ಬುಡಕ್ಕೆ ಹೋಯಿತು. ಬೇಕರಿಯವನು ಹಾಕಿದ ಕೂಗಿಗೆ ನನ್ನ ಗಂಟಲೇ ನಾಚಬೇಕು.

ಟೀಚರಮ್ಮ ತಿರುಗಿ ಬಂದರು. ಗಾಬರಿಯೇ ಇಲ್ಲ. "ಅದಕ್ಕೇ ಹೇಳೋದು ಮುಂಜಾಗ್ರತೆ ಇರ್ಬೇಕು ಅಂತ" ಎಂದು ಚೀಲದಿಂದ ಎರಡನೇ ಕೀಲಿ ತೆಗೆದು ತೂರಿಸಿದರು. ತಿರುಗಲಿಲ್ಲ. ಹೊರಗೆ ತೆಗೆದು ಊದಿ ಮತ್ತೆ ತೂರಿಸಿದರು. ತಿರುಗಲಿಲ್ಲ. ಬೇಕರಿಯವನು ಎಣ್ಣೆ ಬಿಟ್ಟ. ಡ್ರೈವರ್ ಭುಜ ಕೊಟ್ಟ. ಬಾಗಿಲಿಗೆ ಏನೂ ಆಗಲಿಲ್ಲ, ಭುಜಕ್ಕೆ ಆಯಿತು. ನೀರು ಮಾತ್ರ ಯಾರನ್ನೂ ಕೇಳದೆ ಇಳಿಯುತ್ತಲೇ ಇತ್ತು.

ನಾನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಕರೆಯದೆ ಹೋಗಬಾರದು ಎಂಬ ಹಟ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಖುಷಿಯೂ ಇತ್ತು.

ಆಗ ಪೋಸ್ಟ್‌ಮಾಸ್ಟರ್ ಜೇಬಿಗೆ ಕೈ ಹಾಕಿದರು. ನನ್ನಿಂದ ತೆಗೆದುಕೊಂಡ ದಿನದಿಂದ ಬಳಸದೆ ಇಟ್ಟುಕೊಂಡಿದ್ದ ಎರಡನೇ ಕೀಲಿ ಅಲ್ಲಿತ್ತು. "ಎಲ್ಲ ಒಂದೇ ಅಂಗಡಿಯ ಬೀಗಗಳು. ಕೀಲಿಗಳೂ ಅವಳಿ ಜವಳಿ ಇದ್ದ ಹಾಗಿವೆ. ನಂದೂ ಒಮ್ಮೆ ಹಾಕಿ ನೋಡೋಣ" ಎಂದು, ಸುಮ್ಮನೆ ಒಂದು ಪ್ರಯತ್ನಕ್ಕೆ, ತಮ್ಮ ಕೀಲಿ ತೂರಿಸಿ ತಿರುಗಿಸಿದರು.

ಟಕ್!

ಬಾಗಿಲು ತೆರೆಯಿತು. ತಂಗೀ, ನಾನು ಹುಟ್ಟಿದಾಗಿನಿಂದ ನಾಟಕ ನೋಡಿದ್ದೇನೆ, ಅಂಥ ತಿರುವು ಯಾವ ರಂಗದ ಮೇಲೂ ಕಂಡಿಲ್ಲ. ಟೀಚರಮ್ಮನ ಮನೆಯ ಬಾಗಿಲು ಪೋಸ್ಟ್‌ಮಾಸ್ಟರ ಜೇಬಿನ ಕೀಲಿಗೆ ತೆರೆದಿದೆ! ಪೋಸ್ಟ್‌ಮಾಸ್ಟರ ಮುಖ ಅಂಚೆ ಮುದ್ರೆ ಬಿದ್ದ ಹಾಗೆ ಕಪ್ಪಾಯಿತು. "ನನ್ನಾಣೆ ಟೀಚರಮ್ಮ, ನನಗೇನೂ ಗೊತ್ತಿಲ್ಲ. ಇದು... ಇದು ನನ್ನ ಮನೇದೇ."

ಟೀಚರಮ್ಮ ಒಳಗೆ ಓಡಿ ನಲ್ಲಿ ನಿಲ್ಲಿಸಿ ಬಂದರು. ಕಣಕಾಲಿನವರೆಗೆ ಒದ್ದೆ. ನೇರವಾಗಿ ಮೆಟ್ಟಿಲಿಳಿದು, ಪೋಸ್ಟ್‌ಮಾಸ್ಟರ ಮನೆಗೆ ಹೋಗಿ, ತಮ್ಮ ಕೀಲಿಯನ್ನು ಅವರ ಬೀಗಕ್ಕೆ ಹಾಕಿದರು. ಅದೂ ಟಕ್.

ಆಮೇಲೆ ನನ್ನ ಕಡೆ ತಿರುಗಿದರು. ಅವರ ಹಿಂದೆ ಓಣಿಯೆಲ್ಲ. ಈ ಸಲ ಮೆಟ್ಟಿಲ ಮೇಲೆ ನಿಲ್ಲಲಿಲ್ಲ, ಒಳಗೇ ಬಂದರು. ದಾರ ಇನ್ನೂ ಕಟ್ಟಿದ್ದ ಆ ಕೀಲಿಯನ್ನು ನನ್ನ ಮುಖದೆದುರು ಹಿಡಿದರು.

"ಗಂಟಲಣ್ಣ, ಈ ದಾರ ಯಾವ ಬಣ್ಣ?"

ನನಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಹಲಗೆ ಇಳಿಸಿ ಉಜ್ಜಿದ ದಿನ ನೆನಪಾಯಿತು. ಅಲ್ಲಿಯವರೆಗೆ ಯಾವ ಮೊಳೆ ಯಾರದೆಂದು ನನ್ನ ಕೈಗೆ ಗೊತ್ತಿತ್ತು, ಕಣ್ಣನ್ನು ಕೇಳಬೇಕಾಗಿರಲಿಲ್ಲ. ಅಂದು ಎಲ್ಲ ಕೀಲಿ ತೆಗೆದು ಕಣ್ಣಿನ ಮಾತು ಕೇಳಿ ತೂಗುಹಾಕಿದೆ. ಕಣ್ಣು ಸುಳ್ಳು ಹೇಳಿತು.

ಆದರೂ ನಟನಲ್ಲವೇ? ತಲೆ ಎತ್ತಿ, ಓಣಿಯ ಕೊನೆಗೂ ಕೇಳುವ ಹಾಗೆ ಹೇಳಿದೆ: "ನೀಲಿ!"

ಅದು ಹಸಿರಾಗಿತ್ತು.

ಯಾರೂ ನಗಲಿಲ್ಲ ತಂಗಮ್ಮಾ. ಅಪ್ಪನನ್ನು ನೋಡಿ ಊರು ನಕ್ಕಿತ್ತು, ಅದನ್ನೇ ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದೆ. ನಗುವಿಗೆ ಎದೆ ಗಟ್ಟಿ ಮಾಡಿಕೊಂಡು ನಿಂತೆ. ನಗು ಬರಲೇ ಇಲ್ಲ. ಟೀಚರಮ್ಮ ನನ್ನ ಸ್ಟೂಲನ್ನು ಎಳೆದು ನನ್ನ ಹಿಂದೆ ಇಟ್ಟರು. "ಕೂತ್ಕೊಳ್ಳಿ" ಎಂದರು.

ಬೇಕರಿಯವನು ತನ್ನ ಕೀಲಿ ತೆಗೆದು ನೋಡಿದ. "ಹಂಗಾದ್ರೆ ನನ್ನ ಹತ್ರ ಇರೋದು ಯಾರ ಮನೇದು?" ಎಂದ. ಬಿಳಿಗೂ ಹಳದಿಗೂ ಅದೇ ಕಥೆ. ಡ್ರೈವರ ಕೀಲಿ ಬೇಕರಿಯವನ ಹತ್ತಿರ, ಬೇಕರಿಯವನದು ಡ್ರೈವರ ಹತ್ತಿರ. ಇಬ್ಬರೂ ಪರಸ್ಪರರ ಬಾಗಿಲು ತೆರೆದು ನೋಡಿ ಮಕ್ಕಳ ಹಾಗೆ ಕೂಗಿಕೊಂಡರು. ಡ್ರೈವರ್ ಹೇಳಿದ, "ಗೊತ್ತಿದ್ರೆ ದಿನಾ ಒಂದು ಬನ್ ಎತ್ಕೊಂಡು ಹೋಗ್ತಿದ್ದೆನಲ್ಲೋ!"

ಆಗ ನಕ್ಕರು ಎಲ್ಲ. ಟೀಚರಮ್ಮ ಮಾತ್ರ ನಗಲಿಲ್ಲ. ಪೋಸ್ಟ್‌ಮಾಸ್ಟರ ಕಡೆ ತಿರುಗಿ ಹೇಳಿದರು: "ಇಷ್ಟು ದಿನ ನಿಮ್ಮ ಮನೆ ಕೀಲಿ ನನ್ನ ಚೀಲದಲ್ಲಿತ್ತು. ಮಧ್ಯೆ ನಿಮ್ಮ ಇನ್ನೊಂದು ಸಾಮಾನು ಕಳುವಾಗಿ, ಯಾರಾದ್ರೂ ನನ್ನ ಚೀಲ ತೆಗೆದು ನೋಡಿದ್ದಿದ್ರೆ? ನಾನು ಏನು ಹೇಳಿದ್ರೂ ನಂಬ್ತಿದ್ರಾ?"

ಪೋಸ್ಟ್‌ಮಾಸ್ಟರ್ ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಪ್ರಾಮಾಣಿಕ ಮನುಷ್ಯ. "ನಂಬ್ತಿರ್ಲಿಲ್ಲ" ಎಂದರು. ಆಮೇಲೆ ನನ್ನ ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. ರೇಡಿಯೊ ಇವತ್ತಿಗೂ ಸಿಕ್ಕಿಲ್ಲ. ಸಿಗುವುದೂ ಇಲ್ಲ. ಕಳ್ಳ ಸಿಕ್ಕಿದ ಮೇಲೆ ನನ್ನನ್ನು ನಂಬಿದ್ದರೆ ಅದೇನು ದೊಡ್ಡದಲ್ಲ. ಸಿಗದೆಯೇ ಆ ಕೈ ಬಂತು.

ಕೀಲಿಗಳು ಹಲಗೆಗೆ ಮರಳಿದವು ಎಂದುಕೊಂಡೆಯಾ? ಇಲ್ಲ. ನಾಟಕ ಹಾಗೆ ಮುಗಿಯಲಿಲ್ಲ. ಸಂಜೆ ಸಂಘ ಸೇರಿತು. ಬೇಕರಿಯವನು ಹೇಳಿದ: "ನಂದು ಡ್ರೈವರ್ ಹತ್ರಾನೇ ಇರ್ಲಿ ಬಿಡಿ. ಹೆಂಗೂ ಇತ್ತಲ್ಲ, ಏನೂ ಆಗ್ಲಿಲ್ಲ." ಪೋಸ್ಟ್‌ಮಾಸ್ಟರೂ ಟೀಚರಮ್ಮನೂ ಅದಕ್ಕೇ ಒಪ್ಪಿದರು. ತಪ್ಪಿ ಹೋದ ಕೀಲಿಗಳು ತಪ್ಪಿದಲ್ಲೇ ಉಳಿದವು. ಯಾರೂ ನನ್ನ ಕಡೆ ನೋಡಿ, "ನಿಮ್ಮ ಹತ್ರಾನೇ ಇಟ್ಕೊಳ್ಳಿ" ಎನ್ನಲಿಲ್ಲ. ಅನ್ನಬಾರದು ಕೂಡ. ಮನಸ್ಸಿಗೆ ಸ್ವಲ್ಪ ಆಯಿತು. ಆದರೆ ಈಗ ಬೆಳಿಗ್ಗೆ ಎಲ್ಲರೂ ನನ್ನ ಬದಿಯಲ್ಲೇ ನಡೆಯುತ್ತಾರೆ.

ಹೊಲಿಗೆಗೆ ಬಂದವರು ದಾರದ ಉಂಡೆಗಳನ್ನು ತಾವೇ ಆರಿಸಿ ಮಿಷನ್ ಮೇಲೆ ಇಟ್ಟು ಹೋಗುತ್ತಾರೆ. ಮೊದಲ ದಿನ ನಾಚಿಕೆಯಾಯಿತು. ಎರಡನೇ ದಿನ ಹೊಲಿದೆ.

ನೀನು ಹೇಳಿದ್ದು ನಿಜ ತಂಗೀ. ಕಾಣುತ್ತಿಲ್ಲ. ಕೆಂಪೊಂದು ಮಾತ್ರ ಇವತ್ತಿಗೂ ಕೆಂಪಾಗಿಯೇ ಕಾಣುತ್ತದೆ, ಉಳಿದದ್ದೆಲ್ಲ ಹಳೆಯ ಚಹಾ ಚೆಲ್ಲಿದ ಹಾಗೆ. ಟೀಚರಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಕಣ್ಣಿಗೆ ಪೊರೆ ಬಂದಿದೆ, ತೆಗೆಯಬಹುದಂತೆ. ಮುಂದಿನ ತಿಂಗಳು ಮಾಡುತ್ತಾರೆ. ನೀನು ರಜೆ ಕೇಳಿ ಗಿರಣಿಯವರ ಬಾಯಿಗೆ ಬೀಳಬೇಡ, ಇಲ್ಲಿ ಜನ ಇದ್ದಾರೆ.

ಇತಿ,
ಹಸಿರನ್ನು ನೀಲಿ ಎಂದು ಗರ್ಜಿಸಿದ ನಿನ್ನ ಅಣ್ಣ


೧೮ ಮೇ

ಅಣ್ಣಾ,

ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. "ಟಕ್" ಬಂದಾಗ ಮಗಳು ಚಪ್ಪಾಳೆ ಹೊಡೆದಳು. "ನೀಲಿ" ಬಂದಾಗ ನನಗೆ ಓದಲು ಆಗಲಿಲ್ಲ, ನಿನ್ನ ಭಾವ ಮುಂದಕ್ಕೆ ಓದಿದರು.

ಆಸ್ಪತ್ರೆಗೆ ಹೋಗುವಾಗ ನಿನ್ನ ಮನೆ ಕೀಲಿ ಯಾರಿಗಾದರೂ ಕೊಟ್ಟು ಹೋಗು. ಈ ಸಲ ಉತ್ತರ ತಪ್ಪಿಸಬೇಡ.

ತಂಗಿ


೧೯ ಜೂನ್

ತಂಗಮ್ಮಾ,

ಇದು ನನ್ನ ಧ್ವನಿ, ಆದರೆ ಟೀಚರಮ್ಮನ ಕೈ. ಒಂದು ಕಣ್ಣಿಗೆ ಪಟ್ಟಿ ಇದೆ, ಇನ್ನೊಂದರ ಸರದಿ ಆಮೇಲೆ. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. (ಹೇಳುವುದಲ್ಲ, ಕೂಗುವುದು. ನಾನು ಪಕ್ಕದಲ್ಲೇ ಕೂತಿದ್ದೇನೆ. — ಟೀಚರ್)

ಆಹಾ, ಆ ಶಸ್ತ್ರಚಿಕಿತ್ಸಾಲಯ! ಹತ್ತು ದಿಕ್ಕುಗಳಿಂದ ಸೂರ್ಯರು ಉದಯಿಸಿದ ಹಾಗೆ ದೀಪಗಳು! ನಾನು ಸಿಂಹದಂತೆ ಮಲಗಿದ್ದೆ! (ಡಾಕ್ಟರ ಕೈ ಹಿಡಿದುಕೊಂಡಿದ್ದರು. ಬಿಡಿ, ಕೆಲಸ ಮಾಡಬೇಕು ಎಂದು ಅವರೇ ಬಿಡಿಸಿಕೊಂಡರಂತೆ.)

ನಿನ್ನೆ ಅಂಗಡಿಯಲ್ಲಿ ಪಟ್ಟಿ ಬದಲಿಸುವಾಗ ಸ್ವಲ್ಪ ಹೊತ್ತು ತೆರೆದರು. ಟೀಚರಮ್ಮನ ಉಡುಪು ನೀಲಿ! ಸತ್ಯವಾದ ನೀಲಿ! ಇಷ್ಟು ದಿನ ಯಾರೋ ಲೋಕವನ್ನು ತೊಳೆಯದೆ ಇಟ್ಟಿದ್ದರು ತಂಗೀ. ಬೇಕರಿಯವನ ಮೈಮೇಲಿನ ಹಿಟ್ಟು ಎಷ್ಟು ಬಿಳಿ ಎಂದು ನೋಡಿ ಅವನನ್ನೇ ಹೊಗಳಿದೆ, ಅವನು ಹೆದರಿಕೊಂಡ. ಗೋಡೆಯ ಮೇಲೆ ಅಪ್ಪನ ಹಲಗೆ ನೋಡಿದೆ. ಖಾಲಿ ಮೊಳೆಗಳು. ಡ್ರೈವರ್ ಒಂದಕ್ಕೆ ತನ್ನ ಟೋಪಿ ತೂಗುಹಾಕಿ ಹೋಗಿದ್ದಾನೆ. ಅದನ್ನು ಅಲ್ಲೇ ಬಿಟ್ಟಿದ್ದೇನೆ. ಆ ಮೊಳೆಗಳಿಗೆ ತಲೆಯ ಮೇಲಿನದೇ ಅಭ್ಯಾಸ.

ನೀನು ಕೇಳಿದ್ದಕ್ಕೆ ಈಗ ಉತ್ತರ. ಆಸ್ಪತ್ರೆಗೆ ಹೊರಡುವ ಮೊದಲು ನನ್ನ ಕೀಲಿಯನ್ನು ಟೀಚರಮ್ಮನ ಕೈಯಲ್ಲಿ ಇಟ್ಟೆ. ಓಣಿಯೆಲ್ಲ ಸಾಕ್ಷಿ. ಇನ್ನು ನೀನು ನಿಶ್ಚಿಂತೆಯಿಂದಿರು.

ಇತಿ,
ಒಕ್ಕಣ್ಣಿನ ನಿನ್ನ ಅಣ್ಣ

ತಂಗಿಯವರಿಗೆ ನಮಸ್ಕಾರ. ಇಲ್ಲಿಂದ ಮುಂದಿನದನ್ನು ನಿಮ್ಮ ಅಣ್ಣನವರಿಗೆ ಓದಿ ಹೇಳುವುದಿಲ್ಲ. ಅವರು ಕೊಟ್ಟ ಕೀಲಿ ಅವರ ಅಂಗಡಿಯದಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಬಟ್ಟೆ ತರಲು ಹೋದೆ. ಬಾಗಿಲು ಬರೀ ಎಳೆದುಕೊಂಡಿತ್ತು. ನೋಡಿದರೆ ಅದಕ್ಕೆ ಹೊರಗಿನಿಂದ ಬೀಗವೇ ಇಲ್ಲ, ಒಳಗಿನಿಂದ ಒಂದು ಅಗುಳಿ ಇದೆ ಅಷ್ಟೆ. ಪೋಸ್ಟ್‌ಮಾಸ್ಟರ್ ಹೇಳಿದರು, ಪತ್ನಿ ತೀರಿಕೊಂಡ ವರ್ಷ ಇವರು ಒಮ್ಮೆ ಎಲ್ಲಿಗೋ ಹೋಗಿ ಅದೇ ದಿನ ಮರಳಿದರಂತೆ, ಆಮೇಲೆ ಓಣಿ ಬಿಟ್ಟು ಹೋದದ್ದನ್ನು ಯಾರೂ ನೋಡಿಲ್ಲವಂತೆ. ಹೋಗದವರಿಗೆ ಬೀಗ ಯಾಕೆ?

ಅವರು ನನಗೆ ಕೊಟ್ಟ ಕೀಲಿಗೆ ಕೆಂಪು ದಾರ ಇದೆ. ಓಣಿಯ ಯಾವ ಬಾಗಿಲಿಗೂ ಅದು ಹೊಂದುವುದಿಲ್ಲ, ಎಲ್ಲ ಕಡೆ ಹಾಕಿ ನೋಡಿದೆವು. ಕಣ್ಣು ಮಂಜಾಗಿದ್ದಾಗ ಮತ್ತೆ ತಪ್ಪಿ ಕೊಟ್ಟಿರಬೇಕು. ಹೇಳಿದರೆ ನೊಂದುಕೊಳ್ಳುತ್ತಾರೆ. ನಿಮಗೆ ಏನಾದರೂ ಗೊತ್ತಿದ್ದರೆ ತಿಳಿಸಿ.

— ಟೀಚರ್


೨೭ ಜೂನ್

ಟೀಚರಮ್ಮನವರಿಗೆ ನಮಸ್ಕಾರಗಳು.

ಅದು ತಪ್ಪಿ ಕೊಟ್ಟದ್ದಲ್ಲ. ಯಾವ ಬಣ್ಣ ತಪ್ಪಿದರೂ ನಮ್ಮ ಅಣ್ಣನಿ‌ಗೆ ಕೆಂಪು ತಪ್ಪಲಿಲ್ಲ ಎಂದು ಅವನೇ ಬರೆದಿದ್ದಾನೆ. ನನ್ನ ಬಲವಂತಕ್ಕೆ ನಿಮಗೊಂದು ಕೀಲಿ ಕೊಡಬೇಕಾಗಿತ್ತು. ಅವನ ಬಾಗಿಲಿಗೆ ಬೀಗವಿಲ್ಲ. ತನ್ನದು ಎಂದು ಹೇಳಿಕೊಳ್ಳಲು ಅವನ ಹತ್ತಿರ ಇದ್ದ ಕೀಲಿ ಅದೊಂದೇ. ಅದು ನಮ್ಮ ಮನೆಯದು.

ದಯವಿಟ್ಟು ವಾಪಸ್ ಕಳಿಸಬೇಡಿ, ನಿಮ್ಮ ಚೀಲದಲ್ಲೇ ಇರಲಿ. ಎರಡನೇ ಕಣ್ಣೂ ಆದಮೇಲೆ ಅವನನ್ನು ಕರೆದುಕೊಂಡು ನೀವೇ ಬನ್ನಿ. ಒಬ್ಬನೇ ಹೊರಡುವವನಲ್ಲ ಅವನು. ಅಂಗಡಿ ಬಾಗಿಲನ್ನು ಎಳೆದುಕೊಂಡು ಬಂದರೆ ಸಾಕು, ನಿಮ್ಮ ಓಣಿ ನೋಡಿಕೊಳ್ಳುತ್ತದೆ.

ನಮ್ಮದು ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಯ ಬಾಗಿಲು. ಅಣ್ಣ ಹೊರಗೆ ನಿಂತು ಎಷ್ಟೇ ಗರ್ಜಿಸಲಿ, ಬಾಗಿಲು ಎಷ್ಟೇ ಬಡಿಯಲಿ, ನನಗೆ ಕೇಳಿಸುವುದಿಲ್ಲ. ಕಾಯುತ್ತ ನಿಲ್ಲಬೇಡಿ. ಕೀಲಿ ಅವನ ಕೈಗೆ ಕೊಡಿ, ಅವನೇ ತೆಗೆಯಲಿ.

ಅವನ ತಂಗಿ